ಹಿತ್ತಾಳೆಯ ಮೇಲಿನ ಗೆರೆ

ನನ್ನ ಮಾವ ಹಾಲ್ವರ್ ಯಾರನ್ನೂ ಹೊಗಳುವ ಮನುಷ್ಯರಲ್ಲ. ನಾನು ಆ ಮನೆಗೆ ಸೊಸೆಯಾಗಿ ಬಂದ ಮೊದಲ ನಾಲ್ಕು ವರ್ಷ ನನ್ನ ಕೆಲಸದ ಬಗ್ಗೆ ಅವರು ಆಡಿದ್ದು ಒಂದೇ ಮಾತು: "ರೊವೀನಾ ಕೋವಿ ಮಾಡ್ತಾಳಂತೆ. ಇನ್ನು ನನ್ನ ಹೇಸರಗತ್ತೆ ಭಾನುವಾರ ಚರ್ಚಲ್ಲಿ ಹಾಡು ಹೇಳೋದೊಂದು ಬಾಕಿ."

ನಾನು ಕೋವಿ ಕೆಲಸ ಕಲಿತದ್ದು ಕೊಲರಾಡೋದಲ್ಲಿ. ಮದುವೆಯಾಗಿ ಮೊಂಟಾನಾಕ್ಕೆ ಬಂದೆ. ಗಂಡ ಎರ್ಲಿಂಗ್ ರೈಲ್ವೆಯಲ್ಲಿದ್ದ, ವಾರದಲ್ಲಿ ನಾಲ್ಕು ದಿನ ಮನೆಯಲ್ಲಿರುತ್ತಿರಲಿಲ್ಲ. ಮಾವನ ಹಿತ್ತಲಲ್ಲಿ ಖಾಲಿ ಬಿದ್ದಿದ್ದ ಕುದುರೆ ಲಾಯದಲ್ಲಿ ಲೋಹ ಕಡೆಯುವ ಒಂದು ಲೇತು ಹಾಕಿಕೊಂಡು, ಊರಿನವರ ಕೋವಿಗಳ ಮುರಿದ ಹಿಡಿ, ಸಡಿಲಾದ ದುರ್ಬೀನು ಸರಿಮಾಡುತ್ತಿದ್ದೆ. ಪೂರ್ತಿ ಕೋವಿ ಮಾಡಿಕೊಡು ಅಂತ ಯಾರೂ ಕೇಳಿರಲಿಲ್ಲ.

ಐದನೇ ವರ್ಷದ ಮಾರ್ಚಿನಲ್ಲಿ ಮಾವ ಎಣ್ಣೆಬಟ್ಟೆ ಸುತ್ತಿದ ಒಂದು ಗಂಟನ್ನು ತಂದು ನನ್ನ ಮೇಜಿನ ಮೇಲಿಟ್ಟರು. ಒಳಗೆ ನಳಿಗೆಯೂ ಮರವೂ ಇಲ್ಲದ, ತೋಟಾ ಹಾಕಿ ಹಿಂದಿನಿಂದ ಮುಚ್ಚುವ ಬೋಲ್ಟ್ ಮಾತ್ರ ಇರುವ ಒಂದು ಹಳೆಯ ಕೋವಿಯ ಹೊಟ್ಟೆಭಾಗ.

"ನಮ್ಮಪ್ಪಂದು. ಮೂವತ್ತು ವರ್ಷ ಹೀಗೇ ಬಿದ್ದಿತ್ತು. ಮುನ್ನೂರು ಹಾಲೆಂಡ್ ಅಂತಾರಲ್ಲ, ಆ ಹಳೇ ತೋಟಾಕ್ಕೆ ಹೊಂದೋ ಹಾಗೆ ಮಾಡ್ಕೊಡ್ತೀಯಾ?"

"ಈಗ ಅದನ್ನ ಯಾರೂ ಕೇಳಲ್ಲ ಮಾವ. ಹೊಸ ಮ್ಯಾಗ್ನಮ್ ತೋಟಾಗಳು ಗಿಡ್ಡಕ್ಕಿವೆ, ಜೋರಾಗೂ ಇವೆ. ಇದಕ್ಕೆ ತೋಟಾ ಸಿಗೋದೇ ಕಷ್ಟ."

"ನಾನು ಕೇಳಿದ್ದು ಮಾಡ್ತೀಯಾ ಅಂತ. ಸಿಗುತ್ತಾ ಅಂತ ಅಲ್ಲ."

ಮಾಡ್ತೀನಿ ಅಂದೆ. ಮನಸ್ಸಿನಲ್ಲಿ ಕುಣಿಯುವಷ್ಟು ಖುಷಿಯಾಗಿತ್ತು. ಆ ತೋಟಾ ನನಗೂ ಇಷ್ಟವೇ. ಉದ್ದವಾಗಿ, ಕತ್ತಿನ ತನಕ ನಿಧಾನಕ್ಕೆ ಸಣ್ಣಗಾಗುತ್ತ ಹೋಗುತ್ತದೆ. ಬುಡದಲ್ಲಿ ಸೊಂಟಪಟ್ಟಿಯ ಹಾಗೆ ದಪ್ಪನೆಯ ಒಂದು ಪಟ್ಟಿ. ನಳಿಗೆಯ ಬುಡದಲ್ಲಿ ತೋಟಾ ಕೂರುವ ಗೂಡು ಕೊರೆಯುವಾಗ ಆ ಪಟ್ಟಿ ಆತು ನಿಲ್ಲುವುದಕ್ಕೆ ಒಂದು ಸಣ್ಣ ಮೆಟ್ಟಿಲು ಬಿಡಬೇಕು. ಅದರ ಆಳ ಕೂದಲೆಳೆಯಷ್ಟೂ ತಪ್ಪುವ ಹಾಗಿಲ್ಲ.

ಮೂರು ತಿಂಗಳು ಬೇರೆ ಕೆಲಸವನ್ನೇ ಮುಟ್ಟಲಿಲ್ಲ. ನಳಿಗೆ ಕೂರಿಸಿದೆ. ಗೂಡನ್ನು ಹೆಚ್ಚುಕಡಿಮೆ ಪೂರ್ತಿ ಕೊರೆದು, ಕೊನೆಯ ಕೂದಲೆಳೆಯಷ್ಟನ್ನು ಉಳಿಸಿಕೊಂಡು, ಹಿಡಿಯ ವಾಲ್‌ನಟ್ ಮರಕ್ಕೆ ಕೈಹಾಕಿದೆ. ಮರದಲ್ಲಿ ನಳಿಗೆ ಕೂರುವ ತೋಡನ್ನು ಮಸಿ ಬಳಿದು, ಒತ್ತಿ, ಮಸಿ ಅಂಟಿದಲ್ಲೆಲ್ಲ ಕೆರೆದು, ಮತ್ತೆ ಒತ್ತಿ, ಕಾಗದ ತೂರದಷ್ಟು ಬಿಗಿಯಾಗಿ ಮಾಡಿದೆ. ಮಾವ ದಿನಾ ಸಂಜೆ ಬಂದು ಬಾಗಿಲಲ್ಲಿ ನಿಂತು ನೋಡಿ ಹೋಗುತ್ತಿದ್ದರು.  ಗೇಲಿ ನಿಂತುಹೋಗಿತ್ತು.

ಜೂನ್ ಹನ್ನೆರಡಕ್ಕೆ ಉಳಿದ ಕೊನೆಯ ಕೊರೆತ. ಇದಕ್ಕೆ ಎರಡು ಉಕ್ಕಿನ ಅಳತೆ ತುಂಡುಗಳಿರುತ್ತವೆ. ಗೂಡಿನಲ್ಲಿ ಒಂದನ್ನು ಇಟ್ಟರೆ ಬೋಲ್ಟ್ ಮುಚ್ಚಬೇಕು. ಇನ್ನೊಂದು ಸ್ವಲ್ಪ ಉದ್ದ, ಅದನ್ನಿಟ್ಟರೆ ಮುಚ್ಚಬಾರದು. ನಾನು ಚೂರು ಕೊರೆದು ಮೊದಲನೆಯದನ್ನು ಇಟ್ಟೆ. ಮುಚ್ಚಲಿಲ್ಲ. ಇನ್ನೂ ಚೂರು ಕೊರೆದೆ. ಆಗಲೂ ಮುಚ್ಚಲಿಲ್ಲ. ಮತ್ತೂ ಕೊರೆದೆ. ಆಮೇಲೆ ಬಟ್ಟೆ ಹಾಕಿ ಒರೆಸಿದರೆ ಗೂಡಿನ ಮೂಲೆಯಿಂದ ಉಗುರಿನ ಕೊಳೆಯಷ್ಟು ಸಣ್ಣದೊಂದು ಉಕ್ಕಿನ ತರಿ ಬಂತು. ತುಂಡು ಅಷ್ಟೊತ್ತೂ ಆ ತರಿಯ ಮೇಲೆ ಕೂತಿತ್ತು.  ಮುಚ್ಚಬಾರದ ತುಂಡನ್ನು ಇಟ್ಟು ನೋಡಿದೆ. ಬೋಲ್ಟ್ ಸಲೀಸಾಗಿ ಮುಚ್ಚಿಕೊಂಡಿತು. ಗೂಡು ಬೇಕಾದ್ದಕ್ಕಿಂತ ಆಳವಾಗಿಬಿಟ್ಟಿತ್ತು.

ಸರಿಮಾಡುವ ದಾರಿ ಇತ್ತು. ನಳಿಗೆ ಬಿಚ್ಚಿ, ಬುಡದಲ್ಲಿ ತಿರುಪಿನ ಒಂದು ಸುತ್ತು ಕತ್ತರಿಸಿ, ಹೊಸದಾಗಿ ಗೂಡು ಕೊರೆಯಬೇಕು. ಆದರೆ ಮುಂದಕ್ಕೆ ಸಣ್ಣಗಾಗುತ್ತ ಹೋಗುವ ನಳಿಗೆ ಅಷ್ಟು ಹಿಂದೆ ಸರಿದರೆ ಮರದ ತೋಡಿನಲ್ಲಿ ಸಂದು ಬೀಳುತ್ತದೆ. ನೋಡಿದವರಿಗೆ ಗೊತ್ತಾಗಿಯೇ ಆಗುತ್ತದೆ. ಆದರೂ ಅವತ್ತು ಸಂಜೆ ಮಾವ ಬಂದಾಗ ಹೇಳಿಬಿಡೋಣ ಅಂತಲೇ ಕೂತಿದ್ದೆ.

ಮಾವ ಒಬ್ಬರೇ ಬರಲಿಲ್ಲ. ಜೊತೆಗೆ ಬಾರಿನ ಇಬ್ಬರು ಗೆಳೆಯರಿದ್ದರು, ದನದ ಡಾಕ್ಟರ್ ಥೇಯರ್ ಮತ್ತು ದನದ ದೊಡ್ಡಿ ಇಟ್ಟಿರುವ ಮಿಲ್ಟ್. ಮಾವ ಕೋವಿಯನ್ನು ಮಗುವಿನ ಹಾಗೆ ಎತ್ತಿಕೊಂಡು ಮಿಲ್ಟನ ಕೈಗೆ ಕೊಟ್ಟರು.

"ನೋಡೋ, ಎಲ್ಲಾದರೂ ಸಂದು ಕಾಣುತ್ತೇನೋ? ನನ್ನ ಸೊಸೆ ಮಾಡಿದ್ದು."

"ನಿನ್ನ ಹೇಸರಗತ್ತೆ ಹಾಡೋದು ಯಾವಾಗಪ್ಪಾ?" ಅಂದ ಮಿಲ್ಟ್.

"ಹಾಡಲಿ ಬಿಡು. ನಾನೇ ತಾಳ ಹಾಕ್ತೀನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಹೋಗುವ ಮೊದಲು ಇಬ್ಬರೂ ಒಂದೊಂದು ಕೋವಿಗೆ ಹೇಳಿಹೋದರು. ನನ್ನ ಬಾಯಿ ಅಲ್ಲಿಗೆ ಕಟ್ಟಿತು.

ಬೇಸಿಗೆಯಿಡೀ ಮಾವ ಅದರಲ್ಲಿ ಗುರಿ ಅಭ್ಯಾಸ ಮಾಡಿದರು. ಮೊದಲ ಸಲ ಹೊಡೆದಾಗ ಏನೂ ಆಗುವುದಿಲ್ಲ ಅಂತ ನನಗೆ ಗೊತ್ತಿತ್ತು. ತೋಟಾದ ಹಿತ್ತಾಳೆ ಕವಚ ಹಿಗ್ಗಿ, ಗೂಡಿನಲ್ಲಿ ಹೆಚ್ಚಾಗಿ ಉಳಿದ ಖಾಲಿ ಜಾಗ ತುಂಬಿಕೊಳ್ಳುತ್ತದೆ. ತೊಂದರೆ ಬರುವುದು ಅದೇ ಹಿತ್ತಾಳೆಯನ್ನು ಅಚ್ಚಿಗೆ ಹಾಕಿ ಕುಗ್ಗಿಸಿ, ಮದ್ದು ತುಂಬಿ, ಮತ್ತೆ ಮತ್ತೆ ಹೊಡೆದಾಗ. ಪ್ರತಿ ಸಲ ಹಿಗ್ಗಿ ಹಿಗ್ಗಿ, ಪಟ್ಟಿಯ ಮೇಲುಗಡೆ ತೆಳುವಾಗುತ್ತ ಹೋಗಿ, ಒಂದು ದಿನ ತುಂಡಾಗುತ್ತದೆ. ಆಗ ಬೆಂಕಿ ಮುಂದಕ್ಕೆ ಮಾತ್ರ ಹೋಗುವುದಿಲ್ಲ, ಹಿಂದಕ್ಕೂ ಬರುತ್ತದೆ. ಕೋವಿಯ ಹಿಂದೆ ಇರುವುದು ಹೊಡೆಯುವವನ ಮುಖ.

"ಮಾವ, ಅಚ್ಚನ್ನ ಸ್ವಲ್ಪ ಮೇಲೆತ್ತಿ. ಹಿತ್ತಾಳೇನ ಅಷ್ಟು ಕುಗ್ಗಿಸಬೇಡಿ," ಅಂದೆ ಒಂದು ದಿನ.

"ನೀನು ಹುಟ್ಟೋಕ್ಕೆ ಮುಂಚಿನಿಂದ ತೋಟಾ ತುಂಬ್ತಿದೀನಿ ಕಣಮ್ಮ," ಅಂದರು, ನಗುತ್ತಲೇ.

ಸೆಪ್ಟೆಂಬರಿನಲ್ಲಿ ಹೊಸ ತೋಟಾ ಒಂದು ಪೆಟ್ಟಿಗೆ ತರಿಸಿಕೊಟ್ಟೆ. ಥ್ಯಾಂಕ್ಸ್ ಅಂದು ಕಪಾಟಿನಲ್ಲಿಟ್ಟರು. ಅಕ್ಟೋಬರ್ ಕೊನೆಯಲ್ಲಿ ಎಲ್ಕ್ ಅನ್ನುವ ದೊಡ್ಡ ಜಿಂಕೆಯ ಬೇಟೆಗೆ ಹೊರಟಾಗ, "ನೀನೂ ಬಾ. ನಿನ್ನ ಕೋವಿ ಏನು ಮಾಡುತ್ತೆ ಅಂತ ಕಣ್ಣಾರೆ ನೋಡು," ಅಂದರು. ಆ ಪೆಟ್ಟಿಗೆಯನ್ನು ನನ್ನ ಚೀಲಕ್ಕೆ ಹಾಕಿಕೊಂಡು ಹೊರಟೆ. ದಾರಿಯಲ್ಲಿ ಹೇಳುತ್ತೇನೆ ಅಂದುಕೊಂಡಿದ್ದೆ. ಬೆಟ್ಟದ ನೆತ್ತಿ ದಾಟಿ ಆಚೆ ಇಳಿಯುವುದಕ್ಕೆ ಕುದುರೆಯ ಮೇಲೆ ಏಳು ಗಂಟೆ ಹಿಡಿಯಿತು. ಆ ಏಳು ಗಂಟೆಯೂ ಅವರ ಬೆನ್ನು ನೋಡಿಕೊಂಡೇ ಕಳೆದುಹೋಯಿತು.

ಡೇರೆ ಹಾಕಿ, ತಗಡಿನ ಒಲೆ ಹೊತ್ತಿಸಿ, ಗುರಿ ಸರಿಯಿದೆಯೇ ಅಂತ ನೋಡಲು ಅವರು ಒಂದು ಮೋಟುಮರಕ್ಕೆ ಒಂದೇ ಗುಂಡು ಹೊಡೆದರು. ಖಾಲಿ ಹಿತ್ತಾಳೆಯನ್ನು ಡೇರೆಯೊಳಗಿನ ಮಂಚದ ಮೇಲೆಸೆದು ಕುದುರೆಗಳ ಕಡೆ ಹೋದರು. ಎತ್ತಿ ನೋಡಿದೆ. ಪಟ್ಟಿಯ ಮೇಲುಗಡೆ, ಸುತ್ತಲೂ, ಉಂಗುರದ ಗುರುತಿನ ಹಾಗೆ ಹೊಳೆಯುವ ಒಂದು ಗೆರೆ. ನನ್ನ ಕೂದಲಿನ ಪಿನ್ನು ಬಿಚ್ಚಿ, ತುದಿ ಬಗ್ಗಿಸಿ, ಒಳಗೆ ಹಾಕಿ ಮೆಲ್ಲಗೆ ಎಳೆದೆ. ಗೆರೆಯಿದ್ದ ಜಾಗದಲ್ಲಿ ಪಿನ್ನಿನ ತುದಿ ಹಳ್ಳಕ್ಕೆ ಬಿದ್ದು ಸಿಕ್ಕಿಕೊಂಡಿತು. ಅವರ ಸೊಂಟದ ಚೀಲದಲ್ಲಿ ಇಷ್ಟೇ ಸಲ ತುಂಬಿ ಹೊಡೆದ ಹಿತ್ತಾಳೆಯ ತೋಟಾಗಳು ಇನ್ನೂ ಹತ್ತೊಂಬತ್ತು ಇದ್ದವು.

ಅವರು ಒಳಗೆ ಬಂದಾಗ ಹೊಸ ಪೆಟ್ಟಿಗೆ ಮುಂದಿಟ್ಟೆ. "ಇದನ್ನ ಹಾಕ್ಕೊಳ್ಳಿ ಮಾವ."

"ಹೊಸದು ಎರಡಿಂಚು ಎಡಕ್ಕೆ ಹೋಗುತ್ತೆ. ಹಳೇದು ನಿನ್ನ ಕೋವಿಗೆ ಒಗ್ಗಿದೆ. ಸುಮ್ನಿರು."

ಅಷ್ಟರಲ್ಲಿ ಹಿಮ ಶುರುವಾಯಿತು.

ಎರಡು ಹಗಲು ಎಡೆಬಿಡದೆ ಬಿತ್ತು. ಬಾಗಿಲ ಬಟ್ಟೆ ಸರಿಸಿದರೆ ಹತ್ತು ಅಡಿ ಆಚೆಯ ಕುದುರೆಗಳೂ ಕಾಣುತ್ತಿರಲಿಲ್ಲ. ನೆತ್ತಿಯ ದಾರಿ ಮುಚ್ಚಿಹೋಗಿತ್ತು. ಆರು ಹೆಜ್ಜೆ ಉದ್ದ, ನಾಲ್ಕು ಹೆಜ್ಜೆ ಅಗಲದ ಡೇರೆಯಲ್ಲಿ ಒಲೆ, ಎರಡು ಮಂಚ, ನಾವಿಬ್ಬರು ಮತ್ತು ಕಂಬಕ್ಕೆ ಒರಗಿಸಿದ್ದ ಆ ಕೋವಿ. ಮಾವ ಖುಷಿಯಲ್ಲಿದ್ದರು. ಹಂದಿಮಾಂಸ ಹುರಿದು, ಕಾಫಿ ಕಾಯಿಸಿ, ಬಾರಿನ ಕಥೆಗಳನ್ನು ಹೇಳಿದರು. ಥೇಯರ್ ಏನಂದ, ಮಿಲ್ಟ್ ಹೇಗೆ ಹೊಟ್ಟೆ ಉರಿಸಿಕೊಂಡ ಅಂತ.

"ನಾನು ನಿನ್ನ ತಮಾಷೆ ಮಾಡ್ತಿದ್ನಲ್ಲ," ಅಂದರು ಎರಡನೇ ದಿನ, ಒಲೆಯ ಕಡೆ ನೋಡುತ್ತ. "ತಪ್ಪಾಯ್ತು ಕಣಮ್ಮ."

ಆ ಮಾತು ಕೇಳುವುದಕ್ಕೆ ಐದು ವರ್ಷ ಕಾದಿದ್ದೆ. ಈಗ ಅದು ಬಂದು ಎದೆಯ ಮೇಲೆ ಚಪ್ಪಡಿಯ ಹಾಗೆ ಕೂತಿತು. ಬಾಯಿ ತೆರೆದೆ. "ಕಾಫಿ ಇನ್ನೂ ಸ್ವಲ್ಪ ಹಾಕ್ಲಾ?" ಅಂತ ಕೇಳಿದೆ. ಅವರು ಹೊರಗೆ ಹೋದಾಗ ತೋಟಾ ಚೀಲವನ್ನು ಹಿಮದಲ್ಲಿ ಹೂತುಬಿಡಲೇ ಅಂತ ಯೋಚಿಸಿದೆ. ಒಂದೇ ಗಳಿಗೆಯಲ್ಲಿ ಹುಡುಕಿಬಿಡುತ್ತಾರೆ, ಅಲ್ಲಿ ಇದ್ದದ್ದೇ ನಾವಿಬ್ಬರು. ನೂರಕ್ಕೆ ತೊಂಬತ್ತು ಸಲ ಏನೂ ಆಗಲಿಕ್ಕಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಉಳಿದ ಹತ್ತು ಸಲದಲ್ಲಿ ಅವರ ಬಲಗಣ್ಣು ಕಾಣುತ್ತಿತ್ತು.

ಮೂರನೇ ಬೆಳಿಗ್ಗೆ ಹಿಮ ನಿಂತು ಬಿಸಿಲು ಬಂತು. ಸೌದೆಗೆ ಹೋಗಿದ್ದ ಮಾವ ಬಗ್ಗಿಕೊಂಡು ಓಡಿಬಂದು ಕೋವಿ ಎತ್ತಿಕೊಂಡರು. "ಬಾ, ಬಾ, ಸದ್ದು ಮಾಡಬೇಡ."

ಕೆಳಗಿನ ಬಯಲಿನ ಅಂಚಿನಲ್ಲಿ ಒಂದು ಗಂಡು ಎಲ್ಕ್ ನಿಂತಿತ್ತು. ಹಿಮವನ್ನು ಗೊರಸಿನಿಂದ ಕೆದಕಿ ಹುಲ್ಲು ತಿನ್ನುತ್ತಿತ್ತು. ಕೊಂಬಿನ ಕವಲು ಎಣಿಸುವಷ್ಟು ಸ್ಪಷ್ಟವಾಗಿ ಕಾಣುತ್ತಿತ್ತು. ಮಾವ ಬಿದ್ದ ಮರದ ಮೇಲೆ ಕೋವಿ ಇಟ್ಟು, ಮೊಣಕಾಲೂರಿ, ಬೋಲ್ಟ್ ಎಳೆದು ಮುಚ್ಚಿದರು. ಕೆನ್ನೆಯನ್ನು ಕೋವಿಯ ಹಿಡಿಗೆ ಆನಿಸಿದರು. ಉಸಿರು ಬಿಟ್ಟು ನಿಲ್ಲಿಸಿದರು.

"ಹೊಡೀಬೇಡಿ!" ಅಂತ ಕಿರುಚಿದೆ. "ಮಾವ, ಹೊಡೀಬೇಡಿ! ಮುಖ ತೆಗೀರಿ!"

ಎಲ್ಕ್ ತಲೆಯೆತ್ತಿ ಎರಡೇ ನೆಗೆತಕ್ಕೆ ಕಾಡು ಸೇರಿತು. ಮಾವ ತಿರುಗಿ ನನ್ನನ್ನು ನೋಡಿದರು. ಕೋಪ ಇನ್ನೂ ಬಂದಿರಲಿಲ್ಲ, ಹುಚ್ಚು ಹಿಡಿಯಿತೇನೋ ಅಂತ ಹೆದರಿದ ಹಾಗಿತ್ತು.

"ಏನಾಯ್ತು ನಿಂಗೆ?"

ಹೇಳಿದೆ. ತರಿ, ಅಳತೆ ತುಂಡು, ಮುಚ್ಚಿಕೊಂಡ ಬೋಲ್ಟ್, ಎಲ್ಲವನ್ನೂ ಒಂದೇ ಉಸಿರಿಗೆ. ಅವರು ಬೋಲ್ಟ್ ತೆಗೆದು ತೋಟಾವನ್ನು ಈಚೆ ಎಳೆದುಕೊಂಡು ಬಿಸಿಲಿಗೆ ಹಿಡಿದರು. ಗೆರೆ ಹೊಳೆಯಿತು. ಡೇರೆಗೆ ಹೋಗಿ ಖಾಲಿ ಹಿತ್ತಾಳೆಯನ್ನೂ ಪಿನ್ನನ್ನೂ ಅವರ ಕೈಗೆ ಕೊಟ್ಟೆ. ಒಳಗೆ ಹಾಕಿ ಎಳೆದರು. ಸಿಕ್ಕಿಕೊಂಡಿತು. ಇನ್ನೊಮ್ಮೆ ಎಳೆದರು.

"ಯಾವತ್ತು ಗೊತ್ತಾಯ್ತು?"

"ಜೂನ್ ಹನ್ನೆರಡು."

"ಎರ್ಲಿಂಗ್‌ಗೆ ಗೊತ್ತಾ?"

"ಇಲ್ಲ. ಯಾರಿಗೂ ಗೊತ್ತಿಲ್ಲ."

"ನಾಲ್ಕೂವರೆ ತಿಂಗಳು," ಅಂದರು ಮೆಲ್ಲಗೆ. "ನಾಲ್ಕೂವರೆ ತಿಂಗಳು ಇದಕ್ಕೆ ಕೆನ್ನೆ ಕೊಟ್ಟಿದೀನಿ. ನೀನು ಅಡುಗೆಮನೆ ಕಿಟಕಿಯಿಂದ ನೋಡ್ತಿದ್ದೆ."

"ನೀವು ಹೊಗಳಿದ್ರಿ. ಆಮೇಲೆ ನನಗೆ..."

"ಹೊಗಳಿದ್ದು ನನ್ನ ತಪ್ಪಾ?"

"ಅಲ್ಲ."

"ಮತ್ತೆ?"



ದಾರಿ ಬಿಡುವುದಕ್ಕೆ ಇನ್ನೂ ಎರಡು ದಿನ ಹಿಡಿಯಿತು. ಆ ಎರಡು ದಿನ ಅವರು ನನ್ನೊಡನೆ ಒಂದು ಮಾತೂ ಆಡಲಿಲ್ಲ. ಅಡುಗೆ ಮಾತ್ರ ಇಬ್ಬರಿಗೂ ಮಾಡುತ್ತಿದ್ದರು. ತಟ್ಟೆಯನ್ನು ನನ್ನ ಮಂಚದ ತುದಿಯಲ್ಲಿಟ್ಟು, ತಮ್ಮದನ್ನು ಹಿಡಿದು ಬೆನ್ನು ತಿರುಗಿಸಿ ಕೂರುತ್ತಿದ್ದರು. ಬೈದಿದ್ದರೆ ಎದುರಾಡಬಹುದಿತ್ತು, ಅಳಬಹುದಿತ್ತು. ಎದ್ದು ಹೊರಗೆ ಹೋದರೆ ಮೊಣಕಾಲ ತನಕ ಹಿಮ. ಮತ್ತೆ ಒಳಗೆ ಬಂದರೆ ಅದೇ ಬೆನ್ನು. ಒಲೆಗೆ ಸೌದೆ ಹಾಕುವ ಸದ್ದಿಗೂ ಕ್ಷಮೆ ಕೇಳಬೇಕು ಅನ್ನಿಸುತ್ತಿತ್ತು. ಕೋವಿಯನ್ನು ಅವರು ಎಣ್ಣೆಬಟ್ಟೆಯಲ್ಲಿ ಸುತ್ತಿ ನನ್ನ ಸಾಮಾನಿನ ಜೊತೆಗಿಟ್ಟಿದ್ದರು.

ಹೊರಡುವ ಬೆಳಿಗ್ಗೆ ಕುದುರೆಗೆ ಜೀನು ಬಿಗಿಯುತ್ತ, ನನ್ನ ಕಡೆ ನೋಡದೆ ಅಂದರು: "ಮಿಲ್ಟ್‌ಗೂ ಥೇಯರ್‌ಗೂ ನೀನೇ ಹೇಳು. ನಾನು ಹೇಳೋದಿಲ್ಲ. ಮುಚ್ಚಿಡೋದೂ ಇಲ್ಲ."

ಅವರಿಬ್ಬರಿಗೂ ಹೇಳಿದೆ. ಥೇಯರ್ ಮರ್ಯಾದೆಯಿಂದಲೇ ತಾವು ಕೊಟ್ಟಿದ್ದ ಕೋವಿಯ ಭಾಗಗಳನ್ನು ವಾಪಸ್ ತೆಗೆದುಕೊಂಡು ಹೋದರು. ಮಿಲ್ಟ್ ಟೋಪಿ ತಿರುಗಿಸುತ್ತ, "ಮುದುಕನ ಕಣ್ಣು ಉಳಿಸಿದೆಯಲ್ಲ, ಆಯ್ತು ಬಿಡು. ನಂದು ನಿಧಾನಕ್ಕೆ ಮಾಡು," ಅಂದ. ವಿಷಯ ಕೇಳಿ ಸಿಟ್ಟಾದ ಎರ್ಲಿಂಗ್ ಆ ವಾರ ಮನೆಯಲ್ಲಿದ್ದ ರಾತ್ರಿಯೆಲ್ಲ ಸೋಫಾದ ಮೇಲೆ ಮಲಗಿದ.

ಚಳಿಗಾಲದಲ್ಲಿ ನಳಿಗೆ ಬಿಚ್ಚಿ, ಒಂದು ಸುತ್ತು ಕತ್ತರಿಸಿ, ಹೊಸ ಗೂಡು ಕೊರೆದೆ. ಏಪ್ರಿಲ್‌ನಲ್ಲಿ ಮಾವ ಹೊಸ ತೋಟಾ ತೆಗೆದುಕೊಂಡು ಗುರಿ ಹೊಡೆಯುವ ಬಯಲಿಗೆ ಬಂದರು. ಕೋವಿಯನ್ನು ಮುಟ್ಟಲಿಲ್ಲ.

"ಮೊದಲ ಐದು ನೀನು ಹೊಡಿ."

ಹಲಗೆಯ ಮೇಲೆ ಒರಗಿ ಕೆನ್ನೆ ಕೊಟ್ಟೆ. ನಾನೇ ಅಳೆದದ್ದು, ಮೂರು ಮೂರು ಸಲ. ಆದರೂ ಇನ್ನೊಮ್ಮೆ ಬೋಲ್ಟ್ ತೆಗೆದು ನೋಡಿ, ಮುಚ್ಚಿ, ಕೋವಿಯ ಕುದುರೆ ಎಳೆದೆ. ಕೋವಿ ಹೆಗಲನ್ನು ಉದ್ದಕ್ಕೆ, ಮೆತ್ತಗೆ ದೂಡಿತು. ಏನೂ ಆಗಲಿಲ್ಲ. ಐದೂ ಗುಂಡು ಒಂದು ಅಂಗೈ ಅಗಲದೊಳಗೆ ಬಿದ್ದಿದ್ದವು. ಮಾವ ಖಾಲಿ ಹಿತ್ತಾಳೆಗಳನ್ನು ಒಂದೊಂದಾಗಿ ನೋಡಿ ಜೇಬಿಗಿಳಿಸಿ, ಕೋವಿ ಹೆಗಲಿಗೆ ಹಾಕಿಕೊಂಡು ಮನೆಗೆ ಹೋದರು.

ಆ ಶರತ್ಕಾಲದಲ್ಲಿ ಒಬ್ಬರೇ ಹೋಗಿ ಎಲ್ಕ್ ಹೊಡೆದು ತಂದರು. ಹೇಗಿತ್ತು ಕೋವಿ ಅಂತ ಕೇಳಿದೆ. "ಸರಿಯಾಗಿ ಹೊಡೀತು," ಅಂದರು. ಅದಕ್ಕಿಂತ ಹೆಚ್ಚು ಇವತ್ತಿನವರೆಗೂ ಅಂದಿಲ್ಲ.

ಈಗ ನಾನು ಯಾವ ನಳಿಗೆಯ ಗೂಡು ಕೊರೆಯುವಾಗಲೂ ಅವರು ಒಂದು ಮಡಿಸುವ ಕುರ್ಚಿ ತಂದು ಲಾಯದಲ್ಲಿ ಕೂರುತ್ತಾರೆ. ಕಣ್ಣು ನನ್ನ ಕೈಯ ಮೇಲೆ. ಗಂಟೆಗಟ್ಟಲೆ. ನನ್ನ ಬೆನ್ನು ಬೆವರುತ್ತದೆ.

"ಅಲ್ಲಿಗೆ ಬರಬೇಡಿ ಅಂತ ಅಪ್ಪನಿಗೆ ಹೇಳ್ಲಾ?" ಅಂತ ಎರ್ಲಿಂಗ್ ಕೇಳಿದ.

ಬೇಡ ಅಂದೆ. ಹೋದ ವಾರ ಅವರ ಕಾಲಿಗೆ ಚಳಿಯಾಗುತ್ತದೆ ಅಂತ ಲಾಯಕ್ಕೆ ಒಂದು ಹೀಟರ್ ತಂದಿಟ್ಟೆ.