ಕೊನೆಯ ತಟ್ಟೆಯ ಕೋಶಗಳು

ಸಾಯಬೇಕಾದವು ಸತ್ತಿರಲಿಲ್ಲ. ಹಲೀನಾಳ ಕೈ ಸೂಕ್ಷ್ಮದರ್ಶಕದ ಮೇಲೇ ನಿಂತುಬಿಟ್ಟಿತು.

ತಂಗಿ ಬರ್ನಿಯ ಚರ್ಮದಿಂದ ಬೆಳೆಸಿದ ಕಣ್ಣಿನ ಕೋಶಗಳು ಅವು. ಉಸಿರಾಡುವ ಆಮ್ಲಜನಕವೇ ಮೈಯೊಳಗೆ ವಿಷವಾಗಿ ತಿರುಗಿದಾಗ, ಕೋಶದ ಹೊಸ್ತಿಲಲ್ಲಿ ಕಾವಲು ಕೂತ ರಿಸೆಪ್ಟರ್ ಎಂಬ ಪ್ರೋಟೀನು ಒಳಗಿನ ರಕ್ಷಣೆಯನ್ನು ಎಬ್ಬಿಸಬೇಕು. ಬರ್ನಿಗೆ ಅದು ಹುಟ್ಟಿನಿಂದಲೇ ಕೆಟ್ಟಿತ್ತು. ನೋಟದ ನಟ್ಟನಡುವೆ ತೂತು ಬಿದ್ದು ದೊಡ್ಡದಾಗುತ್ತಿತ್ತು. ಹೋದ ಚಳಿಗಾಲದಲ್ಲಿ ಹಲೀನಾ ಸರಿಯಾದ ರಿಸೆಪ್ಟರನ್ನು ಕೋಶಗಳಿಗೆ ಸೇರಿಸಿ, ಅದೇ ಬಗೆಯ ವಿಷ ಸುರಿದಿದ್ದಳು. ಅವು ಬದುಕಿದ್ದವು. ಅಕ್ಕತಂಗಿಯರು ಫೋನಿನಲ್ಲಿ ಅತ್ತಿದ್ದರು.

ರಿಸೆಪ್ಟರ್ ಇಲ್ಲದ ಕೋಶಗಳನ್ನು ಆಗ ಜೊತೆಗಿಟ್ಟು ನೋಡಿರಲಿಲ್ಲ. ಹಿಂದೊಮ್ಮೆ ಸತ್ತಿದ್ದವಲ್ಲ, ತಂಗಿಯ ಕೋಶ ಯಾಕೆ ಹಾಳುಮಾಡಲಿ ಎಂದು ಜಿಪುಣತನ ಮಾಡಿದ್ದಳು. ಇಂದು ಅವಕ್ಕೂ ವಿಷ ಸುರಿದು ನೋಡಿದರೆ ಅವೂ ಬದುಕಿವೆ! ಹಿಂದೆ ಅವು ಸತ್ತ ಮೇಲೆ, ಆ ಚಳಿಗಾಲಕ್ಕೂ ಮೊದಲೇ, ಕೋಶಗಳಿಗೆ ಉಣಿಸುವ ದ್ರವ ಬದಲಾಗಿತ್ತು. ಹೊಸದರಲ್ಲಿದ್ದ ಪೈರುವೇಟ್ ಎಂಬ ಉಪ್ಪು ವಿಷವನ್ನು ಮೊದಲೇ ನುಂಗಿಹಾಕಿತ್ತು. ರಿಸೆಪ್ಟರ್ ಕಾಯುತ್ತದೋ ಇಲ್ಲವೋ, ಇನ್ನೂ ಯಾರಿಗೂ ತಿಳಿಯದು.

ಮಾಂಸ ಬಿಟ್ಟು ಮೀನು ತಿನ್ನುವ ಶುಕ್ರವಾರವಾದ್ದರಿಂದ ಚರ್ಚಿನ ಅಡುಗೆಮನೆಯಿಂದ ಕರಿದ ಮೀನು ಕಟ್ಟಿಸಿಕೊಂಡು ಬರ್ನಿ ಪ್ರಯೋಗಾಲಯದ ಮೊಗಸಾಲೆಯಲ್ಲಿ ಕೂತಿದ್ದಳು. ಹಲೀನಾ ಎಲ್ಲವನ್ನೂ ಹೇಳಿದಳು.

"ಅಂದ್ರೆ ನಾವು ಅತ್ತಿದ್ದು ಉಪ್ಪಿಗೋಸ್ಕರ?"

"ಹ್ಞೂಂ."

"ಸ್ಕೂಲಲ್ಲಿ ಫಸ್ಟು ಬರ್ತಿದ್ದೋಳು ನೀನೇ ತಾನೆ?"

ಹಲೀನಾ ನಗಲಿಲ್ಲ. "ಒಂದೇ ತಟ್ಟೆ ಉಳಿದಿದೆ ಕಣೇ. ಒಂದು ಕಡೆ ರಿಸೆಪ್ಟರ್ ಇರೋವು, ಇನ್ನೊಂದು ಕಡೆ ಇಲ್ದೇ ಇರೋವು. ಉಪ್ಪಿಲ್ಲದ ದ್ರವದಲ್ಲಿ ವಿಷ ಹಾಕಿದ್ರೆ ಗೊತ್ತಾಗುತ್ತೆ. ಎರಡೂ ಕಡೆ ಸತ್ರೆ ಮತ್ತೆ ಚರ್ಮದಿಂದ ಶುರು ಮಾಡ್ಬೇಕು. ಅಷ್ಟರಲ್ಲಿ ನಿನ್ನ ಕಣ್ಣು..."

"ಸುರೀದೆ ಹಾಗೇ ಇಟ್ಕೊಂಡ್ರೆ?"

"ಆಸೆ ಇರುತ್ತೆ."

"ಆಸೆ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ತೀಯಾ ಅಕ್ಕಾ? ಸುರಿ ಹೋಗು."

ಸುರಿದಳು. ಆಗಾಗ ಕಣ್ಣಿಟ್ಟು ನೋಡಿದಳು. ರಿಸೆಪ್ಟರ್ ಇಲ್ಲದವು ಮೊದಲು ದುಂಡಗಾಗಿ, ತಟ್ಟೆಯ ಹಿಡಿತ ಬಿಟ್ಟು ತೇಲಿದವು. ಇನ್ನೊಂದು ಕಡೆಯವು ಕಚ್ಚಿಕೊಂಡೇ ಇದ್ದವು. ಹಲೀನಾ ಅವುಗಳಿಗೆ ಮನಸ್ಸಿನಲ್ಲೇ ಅಂಗಲಾಚಿದಳು, ಹೆಸರಿಟ್ಟು ಕರೆದಳು: ಬರ್ನಿ, ಬಿಡಬೇಡ, ಬಿಡಬೇಡ. ಆಮೇಲೆ ಅವೂ ಬಿಟ್ಟವು.

ಹೊರಗೆ ಬಂದು ತಂಗಿಯ ಪಕ್ಕ ಕುಸಿದು ಕೂತಳು. ಬರ್ನಿ ಅಕ್ಕನ ಮುಖವನ್ನು ಓರೆಗಣ್ಣಲ್ಲಿ ನೋಡಿದಳು; ನೇರ ನೋಡಿದರೆ ಅಲ್ಲಿ ಮುಖವೇ ಇರುತ್ತಿರಲಿಲ್ಲ.

"ಎಲ್ಲಾ ಹೋದ್ವಾ?"

"ಹೋದ್ವು. ರಿಸೆಪ್ಟರ್ ಇದ್ದೋವು ಸ್ವಲ್ಪ ತಡವಾಗಿ ಹೋದ್ವು."

"ಅದರಿಂದಾನೇ ತಡ ಆಗಿದ್ದಾ? ಉಪ್ಪಲ್ಲ ತಾನೆ?"

"ಅದರಿಂದಾನೇ."

"ಎಷ್ಟು ತಡ?"

ಸುಳ್ಳು ಹೇಳಬೇಕೆನಿಸಿತು, ಹೇಳಲಿಲ್ಲ. "ನೀನು ಈ ಮೀನು ತಿಂದು ಮುಗಿಸೋವಷ್ಟು."

ಬರ್ನಿ ತಣ್ಣಗಾಗಿದ್ದ ಪೊಟ್ಟಣವನ್ನು ತಡವರಿಸಿ ಬಿಚ್ಚಿದಳು. ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡಳು. ಅಗಿದಳು, ಬಹಳ ನಿಧಾನವಾಗಿ; ನುಂಗದೆ ಅಗಿಯುತ್ತಲೇ ಇದ್ದಳು.