ಗಣಿಕೆಯಲ್ಲದ ಎಲೆ

ನಮ್ಮಜ್ಜಿ ಚಾಮುಂಡಮ್ಮ ಸೊಪ್ಪು ಕುಯ್ಯುವುದನ್ನು ವಿಡಿಯೋ ಮಾಡಿ ಹಾಕುವುದು ನನ್ನ ಹುಚ್ಚು. ಬಿಳಿಕೆರೆಯಿಂದ ಎರಡು ಕಿಲೋಮೀಟರ್ ಒಳಗೆ ನಮ್ಮೂರು. ಹೊಲದ ಸಾಲಿನಲ್ಲಿ ಬಿತ್ತದೇ ಬೆಳೆಯುವ ಅಣ್ಣೆ, ಗಣಿಕೆ, ಕಿರಕಸಾಲೆ ಎಲ್ಲವನ್ನೂ ಬೆರಕೆ ಮಾಡಿ ಅಜ್ಜಿ ಬಸ್ಸಾರು ಮಾಡಿದರೆ ಪಕ್ಕದ ಬೀದಿಯವರೂ ಬಟ್ಟಲು ಹಿಡಿದು ಬರುತ್ತಾರೆ. ಅಜ್ಜಿ ಎಲೆಯನ್ನು ಬೆರಳಲ್ಲಿ ಉಜ್ಜುತ್ತದೆ, ಮೂಗಿಗೆ ಹಿಡಿಯುತ್ತದೆ, ಮಡಿಲಿಗೆ ಹಾಕುತ್ತದೆ. ಕಣ್ಣು ಮಾತ್ರ ಎಲ್ಲೋ ದೂರದ ಹುಣಸೆಮರದ ಕಡೆ. ಎಂಥಾ ಸ್ಟೈಲು ಅಂದುಕೊಂಡು ‘ಮೂಗಲ್ಲೇ ಸೊಪ್ಪು ಗುರುತಿಸುವ ಅಜ್ಜಿ’ ಅಂತ ಹೆಸರು ಕೊಟ್ಟಿದ್ದೆ. ಹದಿನಾಲ್ಕು ವಿಡಿಯೋ ಆಗಿದ್ದವು.

ಹದಿನೈದನೆಯದರ ದಿನ ಅಜ್ಜಿಗೆ ನೆಗಡಿ. ಮೂಗು ಪೂರಾ ಕಟ್ಟಿತ್ತು.

ಮಧ್ಯಾಹ್ನ ನಾನು, ಅಕ್ಕನ ಮಗಳು ಚಿನ್ನು, ಇಬ್ಬರೂ ಬಸ್ಸಾರು ಮುದ್ದೆ ಉಂಡೆವು. ಅಕ್ಕ ಪದ್ಮಶ್ರೀ ಕೆಲಸಕ್ಕೆಂದು ಹುಣಸೂರಿಗೆ ಹೋಗಿದ್ದಳು. ಎಲ್ಲರೂ ಉಂಡಾದ ಮೇಲೇ ಅಜ್ಜಿ ತಟ್ಟೆ ಹಾಕಿಕೊಳ್ಳುವುದು; ಅವತ್ತು ಇನ್ನೂ ಉಂಡಿರಲಿಲ್ಲ.

ಉಂಡು ಮುಕ್ಕಾಲು ಗಂಟೆ ಆಗಿರಬೇಕು. ಚಿನ್ನು ಗೋಡೆ ಮೇಲಿಂದ ಏನನ್ನೋ ಕಿತ್ತು ಕಿತ್ತು ನೆಲಕ್ಕೆ ಹಾಕತೊಡಗಿದಳು.

“ಏನ್ ಪುಟ್ಟಿ ಅದು?”

“ಇರುವೆ... ಎಷ್ಟೊಂದ್ ಇರುವೆ!”

ಗೋಡೆಯ ಮೇಲೆ ಏನೂ ಇರಲಿಲ್ಲ. ಮಗುವಿನ ಮುಖ ಕೆಂಪಡರಿತ್ತು. ಕರೆದರೆ ತಿರುಗುತ್ತಿಲ್ಲ. ಎತ್ತಿಕೊಂಡೆ, ಮೈ ಕೆಂಡ. ಆಗಲೇ ನನ್ನ ನಾಲಿಗೆಯೂ ಒಣಗಿ ಅಂಗುಳಿಗೆ ಅಂಟಿದ್ದು, ಎದೆ ಡಬಡಬ ಬಡಿಯುತ್ತಿದ್ದದ್ದು ಗೊತ್ತಾಯಿತು. ಇಬ್ಬರಿಗೂ ಒಂದೇ ಸಲ! ಇಬ್ಬರೂ ತಿಂದದ್ದೇನು?

ಬೆಳಗಿನ ವಿಡಿಯೋ ತೆಗೆದೆ. ಪರದೆ ಕಲಸಿಹೋಯಿತು. ಕಣ್ಣುಜ್ಜಿದೆ. ಫೋನನ್ನು ಹತ್ತಿರ ತಂದಷ್ಟೂ ಮಂಜು. ತೋಳು ಉದ್ದ ಚಾಚಿದಾಗ ಸ್ವಲ್ಪ ಕಂಡಿತು: ಅಜ್ಜಿಯ ಕೈ, ಆ ಕೈ ಚಿವುಟುತ್ತಿರುವ ಗಿಡ, ಅದರಲ್ಲಿ ಕೊಳವೆಯಂಥ ಉದ್ದನೆಯ ಬಿಳಿ ಹೂವು. ಗಣಿಕೆಯ ಹೂವು ಗುಂಡುಸೂಜಿಯ ತಲೆಯಷ್ಟಿರುತ್ತದೆ.

“ಅಜ್ಜಿ, ಅದು ಉಮ್ಮತ್ತಿ! ವಿಷದ ಗಿಡ!”

“ಗಣಿಕೆ ಕಣೆ! ನೀನು ಉಟ್ಟೋಕ್ ಮುಂಚಿಂದ ಕುಯ್ತಿವ್ನಿ, ನಂಗೇ ಏಳ್ಕೊಡ್ತೀಯಾ?”

ವಾದ ಮಾಡುವ ಹೊತ್ತಲ್ಲ. ಬಿಳಿಕೆರೆಯಲ್ಲಿ ಆಟೋ ಓಡಿಸುವ ನಂಜಣ್ಣನ ನಂಬರ್ ಹುಡುಕಿದೆ. ಹೆಸರುಗಳೆಲ್ಲ ಒಂದೇ ಕರಿ ಗೆರೆ. ಯಾರ್‍ಯಾರಿಗೋ ಒತ್ತಿದೆ, ಯಾರೂ ಎತ್ತಲಿಲ್ಲ. ಸುತ್ತಮುತ್ತ ಮನೆಯವರೆಲ್ಲ ಹೊಲದಲ್ಲಿ. ಚಿನ್ನು ನನ್ನ ತೋಳಲ್ಲಿ ಸೆಟೆದುಕೊಂಡು ಗಾಳಿಯಲ್ಲಿ ಬೆರಳಾಡಿಸುತ್ತಿದ್ದಳು.

“ಅಜ್ಜಿ, ನಂಗೆ ಕಾಣ್ತಿಲ್ಲ! ಅಕ್ಷರ ಕಾಣ್ತಿಲ್ಲ!”

ಅಜ್ಜಿಯ ಮುಖ ಒಂದು ಕ್ಷಣ ಹೇಗೋ ಆಯಿತು. ಸೊಂಟದ ಚೀಲದಿಂದ ತನ್ನ ಬಟನ್ ಫೋನು ತೆಗೆಯಿತು. ಅದನ್ನು ನೋಡಲೇ ಇಲ್ಲ. ಹೆಬ್ಬೆರಳು ನಡುವಿನ ಐದರ ಮೇಲಿರುವ ಚುಕ್ಕೆಯನ್ನು ಮುಟ್ಟಿ ಹುಡುಕಿ, ಅಲ್ಲಿಂದ ಮೇಲೆ, ಕೆಳಗೆ, ಪಕ್ಕಕ್ಕೆ ಓಡಾಡಿ ಹತ್ತು ಸಲ ಒತ್ತಿತು.

“ನಂಜಣ್ಣ, ಓಡ್ಬಾರ್ಲಾ. ನಮ್ ಮಗಾ ಓಯ್ತದೆ ಕಣ್ಲಾ!”

ನಂಜಣ್ಣನ ಆಟೋ ಹುಣಸೂರಿನ ಆಸ್ಪತ್ರೆಗೆ ಓಡಿತು. ಅಜ್ಜಿ ಮೊರದಲ್ಲಿ ಉಳಿದಿದ್ದ ಸೊಪ್ಪನ್ನು ಸೆರಗಿನಲ್ಲಿ ಗಂಟು ಹಾಕಿ ತಂದಿತ್ತು.

ಡಾಕ್ಟರಮ್ಮ ಚಿನ್ನುವಿನ ಕಣ್ಣಿಗೆ ಬೆಳಕು ಬಿಟ್ಟರು. ಕಣ್ಣಿನ ತುಂಬ ಬರೀ ಕಪ್ಪು. “ಬೇಗ ಹೇಳಿ, ಏನು ತಿಂದದ್ದು? ಖಚಿತವಾಗಿ ಗೊತ್ತಾಗ್ಬೇಕು.” ಗಂಟು ಬಿಚ್ಚಿ ಒಂದು ಎಲೆಯನ್ನು ಅಜ್ಜಿಯ ಮುಂದೆ ಹಿಡಿದರು. “ಸಾರಿಗೆ ಇದನ್ನ ಹಾಕಿದ್ರಾ ಅಜ್ಜಿ? ನೋಡಿ ಹೇಳಿ.”

ಅಜ್ಜಿ ಎಲೆ ಉಜ್ಜಿತು. ಮೂಸಿತು. ಮತ್ತೆ ಮೂಸಿತು. ಗಣಿಕೆ ಅನ್ನುತ್ತದೆ, ಈಗ ಗಣಿಕೆ ಅಂದುಬಿಡುತ್ತದೆ ಅಂದುಕೊಂಡೆ.

“ಕಾಣಾಕಿಲ್ಲ ಕಣವ್ವ,” ಎಂದಿತು ಅಜ್ಜಿ. “ಅತ್ರದ್ದು ಯಾವ್ದೂ ಕಾಣಾಕಿಲ್ಲ. ಮೂರು ವರ್ಸಾತು. ಗೊತ್ತಾದ್ರೆ ಒಲೆ ಮುಂದಿಂದ ಎಬ್ಬಿಸ್ಬುಡ್ತಾರೆ ಅಂತ ಬಾಯ್ಬುಡ್ನಿಲ್ಲ. ನಮ್ ಸೌಂದರ್ಯ ಏಳಿದ್ದೇ ನಿಜ. ಉಮ್ಮತ್ತಿ ಅಂತ್ಲೇ ಔಸ್ದಿ ಮಾಡವ್ವ.”

ಡಾಕ್ಟರಮ್ಮ ಇನ್ನೊಂದು ಮಾತು ಕೇಳದೆ ಒಳಗೆ ಓಡಿದರು.

ಹೊಟ್ಟೆ ತೊಳೆದರು, ನನಗೂ. ಸಂಜೆಯಾದರೂ ಚಿನ್ನು ಅಲುಗಲಿಲ್ಲ. ಅಕ್ಕ ಬಂದವಳು ಬಾಗಿಲಲ್ಲೇ ಕುಸಿದಳು. ಅಜ್ಜಿ ಮಂಚದ ಪಕ್ಕ ಬಗ್ಗಿ, ಸೊಪ್ಪು ಸವರುವ ಹಾಗೆ ಮಗುವಿನ ಹಣೆ, ಹುಬ್ಬು ಸವರುತ್ತಲೇ ಇತ್ತು. ರೆಪ್ಪೆಯ ಹತ್ತಿರ ಬಂದಾಗ ಬೆರಳು ಹೆದರಿ ನಿಂತಿತು.

“ಸೌಂದರ್ಯ... ಮಗ ಕಣ್ ಬುಟ್ಟದಾ? ನೋಡೇಳೆ.”

ಬಗ್ಗಿದೆ. ಚಿನ್ನುವಿನ ಮುಖ ನನ್ನ ಮುಖದಿಂದ ಒಂದು ಗೇಣು ದೂರವಿತ್ತು. ಏನೂ ಕಾಣಲಿಲ್ಲ.

ಎರಡು ಹೆಜ್ಜೆ ಹಿಂದೆ ಸರಿದೆ. ಮೂರು. ನಾಲ್ಕನೆಯದಕ್ಕೆ ಬೆನ್ನು ಗೋಡೆಗೆ ತಗುಲಿತು. ಅಲ್ಲಿಂದ ಕಂಡಿತು.

“ಬುಟ್ಟವ್ಳೆ ಅಜ್ಜಿ. ನಿನ್ನೇ ನೋಡ್ತಾವ್ಳೆ.”