ಬೆಕ್ಕಿನ ಕಣ್ಣು

ಫೋಟೋ ಚೆಂದ ಬಂದಿತ್ತು. ಆದರೂ ಲಕೋಟೆಯಿಂದ ಅದನ್ನು ತೆಗೆದು ನೋಡಿದ ರಜನಿಗೆ, ಇದು ತನ್ನ ಮಗಳಲ್ಲ ಅನ್ನಿಸಿತು.

ನವರಂಗಪುರದ ಆ ಸ್ಟುಡಿಯೋಗೆ ಕಂಪ್ಯೂಟರ್ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಅಷ್ಟರಲ್ಲೇ ಮಯೂರನ ಹೆಸರು ಊರ ಬಾಯಿಗೆ ಬಿದ್ದಿತ್ತು. ಅವನು ಸತ್ತ ಅಜ್ಜನನ್ನು ಮೊಮ್ಮಗನ ಮದುವೆಗೆ ಕರೆತರುತ್ತಾನೆ, ಮುನಿಸಿಕೊಂಡು ಹೋದ ಅಳಿಯನನ್ನು ಗ್ರೂಪ್ ಫೋಟೋದಿಂದ ಎತ್ತಿಬಿಡುತ್ತಾನೆ ಎಂದು ಜನ ಹೇಳುತ್ತಿದ್ದರು. ಅವನ ಅಪ್ಪ ಉಡುಪಿಯ ಕಡೆಯವರು. ರಸ್ತೆಯ ಆಚೆ ಬದಿಗೆ ಅವರ ದೋಸೆ ಹೋಟೆಲು. ಹುಡುಗ ಹುಟ್ಟಿ ಬೆಳೆದದ್ದು ಇಲ್ಲೇ. ಕನ್ನಡ ಆಡುವಾಗ ನಡುವೆ ತಡವರಿಸಿ ಹಿಂದಿಗೆ ಕೈ ಚಾಚುತ್ತಿದ್ದ.

ವಡೋದರಾದಲ್ಲಿ ಹಿರಿಮಗನ ಮನೆಯಲ್ಲಿದ್ದ ಅತ್ತೆ ಗೌರಮ್ಮ ಕೇಳಿದ್ದು ಒಂದೇ: ತಮ್ಮ ಮಗ ಸತ್ಯ ಅವನ ಮಗಳ ಜೊತೆ ಇರುವ ಒಂದು ಪಟ. ಮಗಳು ಮನಸ್ವಿನಿ ತೊದಲುವ ಮೊದಲೇ ರಜನಿಯ ಗಂಡ ಸತ್ಯಪ್ರಕಾಶ ತೀರಿಕೊಂಡಿದ್ದ. ಆ ಪಟವನ್ನು ಯಾವ ಕ್ಯಾಮೆರಾವೂ ತೆಗೆದಿರಲಿಲ್ಲ, ಕಂಪ್ಯೂಟರಿನಲ್ಲಿ ಹೊಲಿಯಬೇಕಿತ್ತು. ಮಗುವಿನ ಹುಟ್ಟುಹಬ್ಬದ ದಿನ ಮಯೂರ್ ಮನೆಗೇ ಬಂದಿದ್ದ. ಹೊರಗೆ ಮೇ ತಿಂಗಳ ಬಿಸಿಲು. ಪರದೆ ಎಳೆದ ಕತ್ತಲೆ ಕೋಣೆಯಲ್ಲಿ ಫ್ಲ್ಯಾಷ್ ಹಾಕಿ ಮಗುವಿನ ಫೋಟೋ ತೆಗೆದ. ರಜನಿ ಗಂಡನ ಹಳೆಯ ಫೋಟೋ ಒಂದನ್ನು ಕೊಟ್ಟು ಕಳಿಸಿದ್ದಳು.

ಈಗ ನೀಲಿ ಶರ್ಟಿನ ಸತ್ಯಪ್ರಕಾಶ ಮಗಳ ಭುಜದ ಮೇಲೆ ಕೈಯಿಟ್ಟು ನಿಂತಿದ್ದ. ಹಿಂದೆ ಎಲ್ಲಿಂದಲೋ ತಂದ ಒಂದು ಕೆರೆ, ಕೆರೆಯ ಮೇಲೆ ಪಾರಿವಾಳಗಳು. ಅಪ್ಪ, ಮಗಳು ಇಬ್ಬರೂ ನೇರವಾಗಿ ನೋಡುತ್ತಿದ್ದರು.

"ಹೇಗಿದೆ ಅಕ್ಕ? ಏಕ್ದಮ್ ಒರಿಜಿನಲ್ ಅಲ್ವಾ?" ಮಯೂರ್ ಕುರ್ಚಿ ತಿರುಗಿಸಿ ಕುಳಿತ. "ಕಬೂತರ್ ನನ್ನ ಕಡೆಯಿಂದ ಫ್ರೀ."

"ಇವರ ಕಣ್ಣು..."

"ಹಾಂ, ಸತ್ಯಣ್ಣಂದು ಒಂದು ಕಣ್ಣು ಡಲ್ ಇತ್ತು. ಸರಿ ಮಾಡ್ದೆ."

"ಅದು ಗಾಜಿನ ಕಣ್ಣು ಮಯೂರ್."

ಅವನು ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಸಾರಿ ಅಕ್ಕ! ನನಗೆ ಖಬರ್ ಇರ್ಲಿಲ್ಲ."

"ಇರಲಿ ಬಿಡು. ಅತ್ತೆಗೆ ಖುಷಿಯಾಗುತ್ತೆ," ಎಂದಳು ರಜನಿ. ಗಂಡ ಹೋದ ಮೇಲೆ ಅವಳ ಮಾತುಗಳೆಲ್ಲ ಹೀಗೇ, ಯಾರದೋ ಮನೆಯ ಸುದ್ದಿಯಂತೆ ಹೊರಡುತ್ತಿದ್ದವು.

ಮನಸ್ವಿನಿ ಬೆಂಚಿನ ಮೇಲೆ ಅಮ್ಮನ ಎಡಕ್ಕೆ ಅಂಟಿ ಕುಳಿತು, ಮಕ್ಕಳನ್ನು ನಗಿಸಲು ಸ್ಟುಡಿಯೋದಲ್ಲಿಟ್ಟಿದ್ದ ರಬ್ಬರಿನ ಆನೆಯನ್ನು ಹಿಸುಕುತ್ತಿದ್ದಳು. ಆಟೋ ಆಗಲಿ ಬೆಂಚಾಗಲಿ, ಅಮ್ಮನ ಎಡಗಡೆಯೇ ಬೇಕು ಅವಳಿಗೆ. ಬಲಕ್ಕೆ ಕೂರಿಸಿದರೆ ರಂಪ. ಹಟಮಾರಿ ಎಂದು ರಜನಿ ಬೈದದ್ದೂ ಉಂಟು. ಅವಳು ಮಗಳ ಮುಖ ನೋಡಿದಳು, ಮತ್ತೆ ಫೋಟೋ ನೋಡಿದಳು. ಮಗು ಯಾವಾಗಲೂ ತುಸು ಓರೆಯಾಗಿ, ಕತ್ತು ವಾಲಿಸಿ ನೋಡುತ್ತಿತ್ತು. ಮುದ್ದು ಅನ್ನಿಸುತ್ತಿತ್ತು. ಫೋಟೋದಲ್ಲಿ ಆ ಓರೆ ಇರಲಿಲ್ಲ.

"ಇವಳ ಕಣ್ಣಿಗೂ ಏನಾದರೂ ಮಾಡಿದ್ಯಾ?"

"ಬೇಬಿದು? ಮಾಡ್ದೆನಲ್ಲ! ಫ್ಲ್ಯಾಷಿಗೆ ಒಂದು ಕಣ್ಣು ಲಾಲ್ ಬಂದಿತ್ತು, ಅದು ಎಲ್ಲರಿಗೂ ಬರ್ತದೆ. ಇನ್ನೊಂದು ಮಾತ್ರ ಸಫೇದ್. ಬಿಲ್ಲಿದು ಇರ್ತದಲ್ಲ... ಏನಂತಾರೆ, ಬೆಕ್ಕು... ಬೆಕ್ಕಿನ ಕಣ್ಣು! ಹಾಗೆ ಹೊಳೀತಿತ್ತು. ನಾನೇನ್ ಮಾಡ್ದೆ, ಬಲಗಣ್ಣನ್ನೇ ಕಾಪಿ ಹೊಡೆದು, ಉಲ್ಟಾ ಮಾಡಿ, ಎಡಕ್ಕೆ ಇಟ್ಟೆ. ಯಾರಿಗೂ ಗೊತ್ತಾಗಲ್ಲ."

ರಜನಿ ಫೋಟೋವನ್ನು ಬೆಂಚಿನ ಮೇಲಿಟ್ಟಳು.

ಬೆಕ್ಕಿನ ಕಣ್ಣು. ಆ ಮಾತನ್ನು ಅವಳು ಮೊದಲು ಕೇಳಿದ್ದು ಮದುವೆಯಾದ ಹೊಸತರಲ್ಲಿ, ಅತ್ತೆಯ ಬಾಯಲ್ಲಿ. "ಸಣ್ಣದಿರುವಾಗ ಸತ್ಯನ ಒಂದು ಕಣ್ಣು ಬೆಕ್ಕಿನ ಕಣ್ಣಿನ ಹಾಗೆ ಫಳಫಳ ಹೊಳೀತಿತ್ತು ಮಾರಾಯ್ತಿ. ಸಂಜೆ ದೀಪ ಹಚ್ಚಿದರೆ ಸಾಕು, ಎಂತ ಚಂದ! ನೆಂಟರೆಲ್ಲ ನೋಡಿದ್ದೇ ನೋಡಿದ್ದು. ಯಾರದ್ದೋ ದೃಷ್ಟಿ ತಾಗಿತು. ದೃಷ್ಟಿ ತಾಗಿ ದೃಷ್ಟಿಯೇ ಹೋಯ್ತು. ಮಣಿಪಾಲದಲ್ಲಿ ಕಣ್ಣು ತೆಗೀಬೇಕಾಯ್ತು." ಎಂ.ಎಸ್ಸಿ. ಓದಿದ ಸೊಸೆ ಒಳಗೊಳಗೇ ನಕ್ಕಿದ್ದಳು.

ಮತ್ತೆ ಅದರ ನೆನಪಾದದ್ದು ಸತ್ಯನ ಕಾಲಿನ ಮೂಳೆಗೆ ಕ್ಯಾನ್ಸರ್ ಎಂದು ಗೊತ್ತಾದಾಗ. ಡಾಕ್ಟರು ಕಾಲನ್ನು ಬಿಟ್ಟು ಕಣ್ಣಿನ ವಿಷಯ ಕೇಳಿದ್ದರು: "ಇದನ್ನು ಯಾಕೆ ತೆಗೆದರು? ಒಳಗೆ ಗಡ್ಡೆ ಇತ್ತಾ?" ಸತ್ಯ ನಗುತ್ತ, "ಅಮ್ಮ ದೃಷ್ಟಿಯಾಯ್ತು ಅಂತಾರೆ ಡಾಕ್ಟ್ರೇ," ಎಂದಿದ್ದ. ಡಾಕ್ಟರು ನಗಲಿಲ್ಲ. ಅವರು ಆ ಪ್ರಶ್ನೆ ಯಾಕೆ ಕೇಳಿದರೆಂದು ಆಗ ಯಾರೂ ಕೇಳಲಿಲ್ಲ.

"ಮಯೂರ್, ನೀನು ಕೈ ಹಾಕುವ ಮುಂಚಿನದು ಇದೆಯಾ?"

"ಇದೆ. ಆದರೆ ಅದು ಚೆನ್ನಾಗಿಲ್ಲ ಅಕ್ಕ..."

"ತೆಗಿ. ನೋಡಬೇಕು."

ಮಯೂರ್ ಮೌಸ್ ಒತ್ತಿದ. ಕಂಪ್ಯೂಟರ್ ಗುರುಗುಟ್ಟಿತು. ದೊಡ್ಡ ಚಿತ್ರ, ಮೇಲಿನಿಂದ ಪಟ್ಟಿ ಪಟ್ಟಿಯಾಗಿ ಇಳಿಯತೊಡಗಿತು. ಮೊದಲು ಗೋಡೆಯ ಬಲೂನು. ಆಮೇಲೆ ಮಗಳ ಜುಟ್ಟು, ಜುಟ್ಟಿನ ಕೆಂಪು ರಿಬ್ಬನ್ನು. ಹಣೆ. ಅಲ್ಲಿಗೆ ನಿಂತಿತು. ಇಳಿಯದಿರಲಿ ಎಂದು ರಜನಿಗೆ ಅನ್ನಿಸಿತು. ಹಣೆಯಲ್ಲೇ ನಿಂತುಬಿಡಲಿ.

"ಹ್ಯಾಂಗ್ ಆಗ್ತದೆ ಸಾಲಾ," ಎಂದು ಮಯೂರ್ ಪೆಟ್ಟಿಗೆಗೊಂದು ಏಟು ಕೊಟ್ಟ.

ಇಳಿಯಿತು. ಹುಬ್ಬು. ಕಣ್ಣು.

ಬಲಗಣ್ಣಿನ ಪಾಪೆ ಕೆಂಡದಂತೆ ಕೆಂಪು. ಎಡಗಣ್ಣಿನಲ್ಲಿ ಪಾಪೆ ಇರಬೇಕಾದ ಕಡೆ ಒಂದು ಬಿಳುಪು. ಹಾಲಿನ ಬಿಳುಪಲ್ಲ, ಒಳಗೆ ಯಾರೋ ದೀಪ ಹಿಡಿದು ನಿಂತ ಹಾಗೆ. ಚಂದವಾಗಿಯೇ ಇತ್ತು. ನೆಂಟರು ನೋಡಿದ್ದೇ ನೋಡಿದ್ದು ಯಾಕೆಂದು ಅರ್ಥವಾಗುವಷ್ಟು ಚಂದ.

ಫ್ಲ್ಯಾಷಿನ ಆಟ ಇರಬಹುದು. ರಜನಿ ಹಾಗೆಂದುಕೊಂಡಳು, ಮತ್ತೊಮ್ಮೆ ಹಾಗೆಂದುಕೊಂಡಳು. ಆಮೇಲೆ ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ರಬ್ಬರಿನ ಆನೆಯನ್ನು ತೆಗೆದುಕೊಂಡಳು.

"ಮನು, ಆಟ ಆಡೋಣವಾ? ಅಮ್ಮ ಒಂದು ಕಣ್ಣು ಮುಚ್ತಾಳೆ. ಕೈಯಲ್ಲಿ ಏನಿದೆ ಹೇಳು."

ಮೊದಲು ಎಡಗಣ್ಣನ್ನು ಅಂಗೈಯಿಂದ ಮುಚ್ಚಿದಳು.

"ಹಾಥಿ!" ಎಂದು ಕೂಗಿ ಮಗು ಆನೆಯ ಸೊಂಡಿಲನ್ನೇ ಹಿಡಿದೆಳೆಯಿತು.

"ಜಾಣೆ. ಈಗ ಇನ್ನೊಂದು."

ಬಲಗಣ್ಣಿನ ಮೇಲೆ ಕೈಯಿಟ್ಟಳು. ಆನೆಯನ್ನು ಮಗುವಿನ ಮುಖದೆದುರು, ತೀರ ಹತ್ತಿರ ಹಿಡಿದಳು. ಪುಟ್ಟ ಕೈಗಳು ಗಾಳಿಯಲ್ಲಿ ಏನನ್ನೋ ತಡಕಿದವು. ಆನೆಯ ಪಕ್ಕದಲ್ಲೇ ಹಾದುಹೋದವು.

"ಮಮ್ಮಿ, ಲೈಟ್ ಗಈ?"

ಕರೆಂಟು ಹೋದಾಗಲೆಲ್ಲ ಹೌಸಿಂಗ್ ಸೊಸೈಟಿಯ ಮಕ್ಕಳು ಕೂಗುವ ಮಾತು ಅದು.

ಮಯೂರ್ ಗೊಳ್ಳೆಂದು ನಕ್ಕ. "ಲೈಟ್ ಎಲ್ಲಿ ಹೋಯ್ತು ಪಗ್ಲಿ? ಫ್ಯಾನ್ ತಿರುಗ್ತಾ ಇಲ್ವಾ?" ಎಂದವನು ರಜನಿಯ ಮುಖ ನೋಡಿ, ನಗುವನ್ನು ಅರ್ಧಕ್ಕೇ ನುಂಗಿಕೊಂಡ.

"ಏನಾಯ್ತು ಅಕ್ಕ? ನಾನೇನಾದರೂ..."

"ನಿನ್ನದೇನಿಲ್ಲ."

ಅವಳು ಕೈ ತೆಗೆದಳು. ಮಗು ಕಣ್ಣು ಪಿಳುಕಿಸಿ ಆನೆಯನ್ನು ಕಂಡು, "ಆ ಗಯೀ!" ಎಂದು ಲೈಟು ಬಂದ ಖುಷಿಗೆ ಕೈ ತಟ್ಟಿತು. ಗಡ್ಡೆ ಇತ್ತಾ ಎಂದು ಅಂದು ಡಾಕ್ಟರು ಕೇಳಿದ್ದು ಯಾಕೆಂದು ರಜನಿಗೆ ಈಗ ಹೊಳೆಯಿತು; ಅಪ್ಪನ ಕಣ್ಣಿನದೇ ಮಗಳ ಕಣ್ಣಿಗೂ ಇಳಿದಿರಬಹುದು. ಗಂಡ ಹೋದ ಒಂದೂವರೆ ವರ್ಷದಿಂದ ಒಳಗೆ ಮರಗಟ್ಟಿ ಕುಳಿತಿದ್ದದ್ದು ಈಗ ಹೆದರಿಕೆಯಾಗಿ ಎದ್ದು ನಿಂತಿತ್ತು. ತನ್ನ ಮನೆಯಲ್ಲಿ ಕಳೆದುಕೊಳ್ಳುವುದಕ್ಕೆ ಇನ್ನೇನೂ ಉಳಿದಿಲ್ಲ ಎಂದುಕೊಂಡಿದ್ದಳಲ್ಲ. ಉಳಿದಿತ್ತು.

"ಇದನ್ನೇ ಪ್ರಿಂಟ್ ಕೊಡು," ಎಂದಳು, ಪರದೆ ತೋರಿಸಿ.

"ಇದು? ಅಜ್ಜಿ ಹೆದರ್ತಾರೆ ಅಕ್ಕ. ಸ್ವಲ್ಪ ಬಿಳಿ ಕಮ್ಮಿ ಮಾಡಿ..."

"ಏನೂ ಮುಟ್ಟಬೇಡ!" ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. "ಒಂದು ಚುಕ್ಕೆಯನ್ನೂ ಮುಟ್ಟಬೇಡ. ದೊಡ್ಡದಾಗಿ ಕೊಡು. ಇದು ಅತ್ತೆಗಲ್ಲ, ಡಾಕ್ಟರಿಗೆ."

ಮಯೂರ್ ಮೌಸ್ ಎಳೆದು ಪ್ರಿಂಟ್ ಒತ್ತಿದ. ಪ್ರಿಂಟರ್ ಕಿರ್ರೆನ್ನುತ್ತ ಬಲೂನಿನಿಂದ ಶುರುಮಾಡಿತು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಹಸಿಯಾರದ ಪ್ರಿಂಟನ್ನು ಎರಡು ಬೆರಳಲ್ಲಿ ಹಿಡಿದು ರಜನಿ ಆಟೋ ಕರೆದಳು. "ಆಂಖ್‌ನಿ ಹಾಸ್ಪಿಟಲ್," ಎಂದು ಕಣ್ಣಾಸ್ಪತ್ರೆಯ ದಾರಿ ಹೇಳಿದಳು. ಡ್ರೈವರ್ ಮೀಟರ್ ತಿರುಗಿಸಿದ. ಮನಸ್ವಿನಿ ಮೊದಲು ಹತ್ತಿ ಬಲಗಡೆಯ ಮೂಲೆಗೆ ಹೋಗಿದ್ದವಳು, ಅಮ್ಮ ಪಕ್ಕದಲ್ಲಿ ಕುಳಿತದ್ದೇ ತಡ, ಎಂದಿನಂತೆ ರಂಪ ತೆಗೆದು ಅವಳ ಮಂಡಿ ದಾಟಿ ಎಡಕ್ಕೆ ಬಂದಳು. ಅಲ್ಲಿ ಕುಳಿತು, ಕತ್ತು ವಾಲಿಸಿ, ಬಲಗಣ್ಣಿನಿಂದ ಅಮ್ಮನ ಮುಖವನ್ನು ಹುಡುಕಿ ಹಿಡಿದಳು.

ಈ ಸಲ ರಜನಿ ಬೈಯಲಿಲ್ಲ. ಮಗುವಿಗೆ ಕಾಣುವಷ್ಟು ಮುಂದಕ್ಕೆ ಬಾಗಿ, ದಾರಿಯುದ್ದಕ್ಕೂ ಹಾಗೆಯೇ ಕುಳಿತಳು.